ಸ್ಟೇಟಸ್‌ನಲ್ಲಿ ಇತಿಹಾಸ, ರದ್ದಿಯಲ್ಲಿ ಕಾಗದ

ಮೊದಲೇ ಹೇಳಿಬಿಡ್ತೀನಿ, ಈ ಸಲ ನಾನು ಬೈಯೋದು ಸರ್ಕಾರವನ್ನಲ್ಲ, ಪುರಾತತ್ವ ಇಲಾಖೆಯನ್ನೂ ಅಲ್ಲ. ಅವರನ್ನು ಬೈಯೋಕೆ ಬೇಕಾದಷ್ಟು ಜನ ಇದ್ದಾರೆ. ಬೈಯೋದು ನನ್ನನ್ನು. ಜೊತೆಗೆ ಯಾದಗಿರಿ, ಶಹಾಪುರ, ಸುರಪುರದ ಕಡೆಯಿಂದ ಬಂದು ಬೆಂಗಳೂರಲ್ಲಿ ಲ್ಯಾಪ್‌ಟಾಪ್ ಕುಟ್ಟುತ್ತಾ ಕೂತಿರೋ ನನ್ನಂಥ ಎಲ್ಲರನ್ನೂ.

ನಮ್ಮ ವಾಟ್ಸ್ಆ್ಯಪ್ ಗ್ರೂಪ್ ತೆಗೆದು ನೋಡಿ. ರಾಜಾ ವೆಂಕಟಪ್ಪ ನಾಯಕನ ಚಿತ್ರ ಸ್ಟೇಟಸ್‌ಗೆ ಹಾಕೋದರಲ್ಲಿ ನಾವು ಯಾವಾಗಲೂ ಮುಂದು. ಹಾಕಬೇಕಾದ್ದೇ. 1858ರ ಫೆಬ್ರವರಿಯಲ್ಲಿ ಕಂಪನಿ ಸೈನ್ಯಕ್ಕೆ ಎದುರು ನಿಂತವನು ಅವನು. ಹೈದರಾಬಾದಿನಲ್ಲಿ ಸೆರೆಸಿಕ್ಕು, ಅದೇ ವರ್ಷ ಕೈದಿಯಾಗಿ ಸಾಗುವ ದಾರಿಯಲ್ಲೇ ಗುಂಡಿಗೆ ಸತ್ತ. ವಯಸ್ಸು ಇಪ್ಪತ್ತೈದು ದಾಟಿರಲಿಲ್ಲ. ಎರಡು ವರ್ಷದ ನಂತರ, 1860ರಲ್ಲಿ, ಬ್ರಿಟಿಷರು ಸುರಪುರವನ್ನು ನಿಜಾಮನಿಗೆ ಕೊಟ್ಟುಬಿಟ್ಟರು.

ಆದರೆ ಆ ರಾಜನ ಬಾಲ್ಯ ನಮಗೆ ಗೊತ್ತಾಗಿದ್ದು ಯಾರಿಂದ? ಬಹುಪಾಲು ಮೆಡೋಸ್ ಟೇಲರ್ ಎಂಬ ಇಂಗ್ಲಿಷ್ ಅಧಿಕಾರಿಯಿಂದ. ರಾಜ ಚಿಕ್ಕವನಿದ್ದಾಗ ಸುರಪುರದ ಆಡಳಿತ ನೋಡಿಕೊಂಡವನು ಅವನೇ. ಗುಡ್ಡದ ಮೇಲಿನ ಟೇಲರ್ ಮಂಜಿಲ್ ಅವನದು. ಹುಡುಗ ತನ್ನನ್ನು 'ಅಪ್ಪಾ' ಅಂತ ಕರೀತಿದ್ದ ಅಂತ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಇರಬಹುದು. ಆದರೆ ಅದು ಆಳುವವರ ಕಡೆಯವನೊಬ್ಬ ಬರೆದ ಕತೆ. ಅದನ್ನು ಒರೆಗೆ ಹಚ್ಚಬೇಕಂದ್ರೆ ನಮ್ಮ ಕಡೆಯ ಸಾಕ್ಷಿ ಬೇಕು. ಪಟವಾರಿಗಳ ಲೆಕ್ಕ, ಮಠದ ದಫ್ತರ, ಹಳೇ ಮನೆಗಳ ಟ್ರಂಕಿನ ಕಾಗದ, ಮುದುಕಿಯರ ಬಾಯಲ್ಲಿರೋ ಹಾಡು. ಅವನ್ನು ಕಾಯಬೇಕಾದವರು ನಾವು. ಕಾದೆವಾ?

ನಾನು ಕಾಯಲಿಲ್ಲ.

ನಮ್ಮ ಮುತ್ಯಾ ನಿಜಾಮರ ಕಾಲದ ಶಾಲೆಯಲ್ಲಿ ಉರ್ದು ಕಲಿತವನು. 1948ರವರೆಗೆ ನಮ್ಮ ಸೀಮೆಯ ಕಚೇರಿ, ಕಾಗದ ಎಲ್ಲಾ ನಡೀತಿದ್ದುದು ಉರ್ದುವಿನಲ್ಲೇ. ಹಾಗಾಗಿ ಊರಿನವರ ಅರ್ಜಿ, ಕರಾರು, ಕೈಬರಹದ ನಕಲು ಎಲ್ಲಾ ಮುತ್ಯಾನ ಕೈಯಿಂದಲೇ ಹೋಗ್ತಿತ್ತು. ಅವನು ತೀರಿಕೊಂಡು ಎಷ್ಟೋ ವರ್ಷವಾದ ಮೇಲೆ, ನನ್ನ ಸಂಬಳದ ದುಡ್ಡಲ್ಲಿ ಮಣ್ಣಿನ ಮಾಳಿಗೆ ಕೆಡವಿ ಆರ್‌ಸಿಸಿ ಹಾಕುವಾಗ ಅಪ್ಪ ಫೋನ್ ಮಾಡಿದ.

"ತಮ್ಮಾ, ಮುತ್ಯಾನ ಟ್ರಂಕಿನ್ಯಾಗ ಒಂದು ಗಂಟು ಕಾಗದ ಅದಾವ. ಎಲ್ಲಾ ಉರ್ದು. ಏನ್ ಮಾಡ್ಲಿ?"

ನಾನು ಮೀಟಿಂಗಲ್ಲಿದ್ದೆ. "ಯಾರಿಗಿ ಓದ್ಲಾಕ ಬರ್ತದ ಅಪ್ಪಾ, ರದ್ದಿಗಿ ಹಾಕಿಬಿಡು" ಅಂದೆ.

ಯಾರೋ ಪಿಜ್ಜಾ ಆರ್ಡರ್ ಮಾಡಿದ ಲಾಗನ್ನು ಮೂರು ಕಡೆ ಬ್ಯಾಕಪ್ ಇಡೋದು ನನ್ನ ಕೆಲಸ. ನಮ್ಮೂರಿನ ಕಾಗದಕ್ಕೆ ಮಾತ್ರ ಒಂದು ಪ್ರತಿಯೂ ಉಳಿಯಲಿಲ್ಲ. ತಾಲ್ಲೂಕಿನಲ್ಲಿ ಉರ್ದು ಓದಬಲ್ಲ ಮೇಷ್ಟ್ರು ಬೇಕಾದಷ್ಟು ಜನ ಇದ್ದರು. ಕೇಳೋಕೆ ನಾನು ಒಂದು ಫೋನೂ ಮಾಡಲಿಲ್ಲ.

ಮುಂದಿನ ಎಳ್ಳಮಾಸಿಗೆ ಊರಿಗೆ ಹೋದಾಗ ಕೇರಿಯ ಹಿರಿಯರೊಬ್ಬರು ಮನೆ ಬಾಗಿಲಿಗೆ ಬಂದರು. "ಯಪ್ಪಾ, ನಿಮ್ಮ ಮುತ್ಯಾನ ಹಂತ್ಯಾಕ ನಮ್ಮ ಹೊಲದ ಕಾಗದ ಇತ್ತು. ಅದ ಏನ್ರಿ?" ಊರ ಚಾಕರಿಗೆ ಅಂತ ಅವರ ಅಜ್ಜನಿಗೆ ಬಿಟ್ಟ ಇನಾಂ ಹೊಲವಂತೆ. ನಾನು ಏನೂ ಹೇಳಲಿಲ್ಲ. ಅಪ್ಪ ನೆಲ ನೋಡಿದ. ಅವರು ಸ್ವಲ್ಪ ಹೊತ್ತು ನಿಂತು ಹೋದರು.

ಇತಿಹಾಸ ಅಂದ್ರೆ ಹೊಟ್ಟೆ ತುಂಬಿದವರ ಶೋಕಿ ಅನ್ನೋರಿಗೆ ನನ್ನ ಉತ್ತರ ಇದೇ. ನಮ್ಮ ಜಿಲ್ಲೆಯ ಜನ ಇವತ್ತಿಗೂ ಗುಳೆ ಹೋಗಿ ಬೆಂಗಳೂರಿನ ಕಟ್ಟಡಗಳಿಗೆ ಕಲ್ಲು ಮಣ್ಣು ಹೊರ್ತಾರೆ. ಅಂಥವರಿಗೆ ಇತಿಹಾಸ ಯಾಕೆ ಅಂತ ಕೇಳ್ತೀರಾ? ಅಂಥವರಿಗೇ ಬೇಕು. ಹೊಲ ಯಾರದಿತ್ತು, ಬಾವಿ ತೋಡಿದವರು ಯಾರು, ಅದರ ನೀರು ಯಾರಿಗೆ ಕೊಡಲಿಲ್ಲ ಅನ್ನೋದಕ್ಕೆ ಸಾಕ್ಷಿ ಇಲ್ಲದ ಕಡೆ, ಜೋರಾಗಿ ಕೂಗಿದವನು ಹೇಳಿದ್ದೇ ಇತಿಹಾಸ ಆಗ್ತದೆ.

ಇದು ಕಾಗದದ ಕತೆ. ಕಲ್ಲಿನ ಕತೆ ಬೇರೆಯೇನಲ್ಲ. ಶಹಾಪುರದ 'ಮಲಗಿದ ಬುದ್ಧ' ಗುಡ್ಡದ ಮುಂದೆ ಸೆಲ್ಫಿ ತೆಗೆದುಕೊಳ್ಳದವರಿಲ್ಲ. ಅಲ್ಲಿಂದ ಸ್ವಲ್ಪ ದೂರದ ವಿಭೂತಿಹಳ್ಳಿಯಲ್ಲಿ ಜನ ಸಾವಿರಾರು ವರ್ಷದ ಹಿಂದೆ ಸಾಲುಸಾಲಾಗಿ ತಂದಿಟ್ಟ ಬಂಡೆಗಳಿವೆ. ನೋಡಿದೋರು ಎಷ್ಟು ಜನ? ಹುಣಸಗಿ ಹತ್ತಿರದ ಇಸಾಂಪುರದಲ್ಲಿ ಸುಮಾರು 12 ಲಕ್ಷ ವರ್ಷ ಹಿಂದಿನ ಕಲ್ಲಿನ ಆಯುಧ ಮಾಡುವ ನೆಲೆ ಇದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ದಶಕಗಳ ಕಾಲ ಈ ಸೀಮೆ ಸುತ್ತಿ ಕೆಲಸ ಮಾಡಿದರು. ನಮ್ಮ ಎಷ್ಟು ಮಂದಿಗೆ ಅವರ ಹೆಸರು ಗೊತ್ತು? ಭೀಮಾ ದಂಡೆಯ ಸನ್ನತಿಯಲ್ಲಿ 1986ರಲ್ಲಿ ಕಾಳಿ ಗುಡಿಯ ಚಾವಣಿ ಕುಸಿದಾಗಲೇ, ಮೂರ್ತಿಯ ಪೀಠವಾಗಿದ್ದ ಕಲ್ಲು ಅಶೋಕನ ಶಾಸನ ಅಂತ ಗೊತ್ತಾಗಿದ್ದು. ಪೀಠವಾದ ಕಲ್ಲು ಹೇಗೋ ಉಳೀತು. ಒಡ್ಡಿಗೆ, ಪಾಯಕ್ಕೆ ಹೋದ ಕಲ್ಲುಗಳ ಲೆಕ್ಕ ಯಾರ ಹತ್ತಿರವೂ ಇಲ್ಲ.

ಆನ್‌ಸೈಟ್ ಅಂತ ಅಮೆರಿಕಕ್ಕೆ ಹೋದಾಗ ನಾವು ನಗ್ತೀವಿ, "ಇವರದೇನು ಇತಿಹಾಸ, ಎರಡೂವರೆ ಶತಮಾನ" ಅಂತ. ನಾನೂ ನಕ್ಕಿದ್ದೆ. ಆಮೇಲೆ ಗೊತ್ತಾಯ್ತು, ಮ್ಯಾಸಚೂಸೆಟ್ಸ್‌ನ ವೂಸ್ಟರ್ ಎಂಬ ಊರಿನಲ್ಲಿ ಐಸೇಯಾ ಥಾಮಸ್ ಅನ್ನೋ ಮುದ್ರಕ 1812ರಲ್ಲೇ ಅಮೆರಿಕನ್ ಆ್ಯಂಟಿಕ್ವೇರಿಯನ್ ಸೊಸೈಟಿ ಕಟ್ಟಿದ ಅಂತ. ತನ್ನ ಪುಸ್ತಕಗಳನ್ನೆಲ್ಲ ಅದಕ್ಕೆ ಕೊಟ್ಟ. ಪತ್ರಿಕೆ, ಪಂಚಾಂಗ, ಕರಪತ್ರ, ಅಂದರೆ ನಾವು ರದ್ದಿಗೆ ಹಾಕುವಂಥದ್ದನ್ನೇ ಅಲ್ಲಿ ಕೂಡಿಟ್ಟರು. ಆ ದೇಶದ ಮೂಲನಿವಾಸಿಗಳಿಗೆ ಆದ ಅನ್ಯಾಯವನ್ನು ಇದು ಮುಚ್ಚಲ್ಲ. ಆದರೆ ಅನ್ಯಾಯವನ್ನು ಕೆದಕಿ ಬರೆಯೋಕೂ ಕಾಗದ ಉಳಿದಿರಬೇಕಲ್ಲ? ನಮ್ಮದು ಲಕ್ಷಾಂತರ ವರ್ಷದ್ದು ಅಂತ ಎದೆ ತಟ್ಟಿಕೊಳ್ಳೋ ನಾವು ಅಜ್ಜನ ಟ್ರಂಕನ್ನೇ ಉಳಿಸಲಿಲ್ಲ.

371ಜೆ ಸರ್ಟಿಫಿಕೇಟ್ ಬೇಕಾದಾಗ ಮಾತ್ರ ನಾವು ಈ ಸೀಮೆಯವರು. ಸೀಟು ತಗೊಂಡೆವು, ನೌಕರಿ ತಗೊಂಡೆವು, ತಪ್ಪೇನಿಲ್ಲ. ವಾಪಸ್ ಏನು ಕೊಟ್ಟೆವು?

ಕಾಲುವೆ ನೀರು ಬಂದ ಮೇಲೆ ಹೊಲ ಮಟ್ಟ ಮಾಡಬೇಡ ಅಂತ ರೈತನಿಗೆ ಹೇಳೋ ಹಕ್ಕು ನನಗಿಲ್ಲ, ಅವನು ಉಣ್ಣಬೇಕು. ಆದರೆ ಜೆಸಿಬಿ ಬರೋ ಮುಂಚೆ ಫೋಟೋ ತೆಗೆಯೋಕೆ ನನಗೇನು ಅಡ್ಡಿ? ಈ ಎಳ್ಳಮಾಸಿಗೆ ಚರಗ ಚೆಲ್ಲಿ, ಭಜ್ಜಿ ರೊಟ್ಟಿ ಉಂಡು, ಹೊಲದಲ್ಲಿ ಫೋಟೋ ತೆಗೆದ ಮೇಲೆ ಇನ್ನೊಂದು ತಾಸು ಕೊಡಿ. ಮನೆಯಲ್ಲಿ ಹಳೇ ಕಾಗದ ಇದ್ದರೆ ಎರಡೂ ಬದಿ ಸ್ಕ್ಯಾನ್ ಮಾಡಿ. ಯಾರ ಮನೆಯದು, ಯಾವ ಊರು, ಯಾವತ್ತು ತೆಗೆದದ್ದು ಅಂತ ಬರೆದಿಡಿ. ಅದರಲ್ಲಿ ಬೇರೆಯವರ ಹೆಸರಿದ್ದರೆ ಮೊದಲು ಅವರ ಮನೆಗೆ ಒಂದು ಪ್ರತಿ ಕೊಡಿ. ಅವರು ಒಪ್ಪಿದರೆ ಮಾತ್ರ ಎಲ್ಲರಿಗೂ ಸಿಗುವ ಹಾಗೆ ಇಂಟರ್ನೆಟ್ ಆರ್ಕೈವ್‌ಗೆ ಹಾಕಿ. ಓದಲು ಬಾರದಿದ್ದರೆ ಉರ್ದು ಬಲ್ಲವರ ಮನೆಗೆ ಹೋಗಿ ಚಹಾ ಕುಡಿದು ಓದಿಸಿಕೊಳ್ಳಿ. ಮನೆತನದ ಮರ್ಯಾದೆಗೆ ಕುಂದು ಅನ್ನಿಸೋ ಕಾಗದ ಸಿಕ್ಕರೆ ಅದನ್ನಂತೂ ಹರಿಯಬೇಡಿ.

ಸ್ಟೇಟಸ್ 24 ತಾಸಿಗೆ ಹೋಗ್ತದೆ. ಆ ಹಿರಿಯರು ಈ ಸಲವೂ ಸಿಕ್ಕಿದ್ದರು. ಕಾಗದದ ಮಾತು ಎತ್ತಲಿಲ್ಲ. "ಅರಾಮ ಇದ್ದೀರೇನ್ರಿ" ಅಂದು ಮುಂದೆ ಹೋದರು.