ಫೀ ಇಲ್ಲದ ಕಾರ್ಡು, ಫ್ರೀ ಕಾಫಿ: ದುಡ್ಡು ಕೊಡ್ತಿರೋದು ಯಾರು?

ಕಳೆದ ವಾರ ಬೆಳಗಿನ ಜಾವ ಚಿಕ್ಕಮ್ಮನ ಮಗನಿಂದ ವಾಟ್ಸಾಪ್ ಮೆಸೇಜ್ ಬಂತು. ಹಾಸನದ ಹುಡುಗ, ಹೋದ ವರ್ಷ ಓದೋಕೆ ಅಂತ ಕೆನಡಾದ ಒಂಟಾರಿಯೋಗೆ ಹೋಗಿದ್ದಾನೆ. ಹಗಲು ಕಾಲೇಜು, ಸಂಜೆ ದಿನಸಿ ಅಂಗಡಿಯಲ್ಲಿ ಕೆಲಸ. "ಅಣ್ಣ, ಟಿಮ್ ಹಾರ್ಟನ್ಸ್ ಕ್ರೆಡಿಟ್ ಕಾರ್ಡ್ ನೋಡ್ತಿದೀನಿ. ವರ್ಷದ ಫೀ ಇಲ್ಲ. ಖರ್ಚು ಮಾಡಿದ್ದಕ್ಕೆಲ್ಲ ಪಾಯಿಂಟ್, ಪಾಯಿಂಟ್‌ಗೆ ಕಾಫಿ. ತಗೊಳ್ಳಲಾ?"

ಬೆಂಗಳೂರಿಗೆ ದರ್ಶಿನಿ ಹೇಗೋ ಕೆನಡಾಗೆ ಟಿಮ್ ಹಾರ್ಟನ್ಸ್ ಹಾಗೆ. 1964ರಲ್ಲಿ ಹ್ಯಾಮಿಲ್ಟನ್ ನಗರದಲ್ಲಿ ಶುರುವಾದ ಈ ಕಾಫಿ ಸರಣಿ 2023ರಲ್ಲಿ ನಿಯೋ ಫೈನಾನ್ಷಿಯಲ್ ಎಂಬ ಕಂಪನಿ ಜೊತೆ ಸೇರಿ ವಾರ್ಷಿಕ ಶುಲ್ಕವಿಲ್ಲದ ಮಾಸ್ಟರ್‌ಕಾರ್ಡ್ ಬಿಟ್ಟಿತು. ಐಡಿಯಾ ಹೊಸದಲ್ಲ. ಅಮೆರಿಕದಲ್ಲಿ ಸ್ಟಾರ್‌ಬಕ್ಸ್ 2003ರಲ್ಲೇ ಬ್ಯಾಂಕ್ ಒನ್ ಮತ್ತು ವೀಸಾ ಜೊತೆ ಇಂಥದ್ದೇ ಒಂದು ಕಾರ್ಡ್ ತಂದಿತ್ತು. ಖರ್ಚಿನ ಶೇ 1ರಷ್ಟು ಕಾಫಿ ದುಡ್ಡಾಗಿ ವಾಪಸ್ ಬರ್ತಿತ್ತು.

ಬೇಡ ಅಂತ ಒಂದೇ ಮಾತಲ್ಲಿ ಹೇಳಿಬಿಡಬಹುದಿತ್ತು. ಆದರೆ ಅವನಿಗೆ ಕಾರ್ಡ್ ಬೇಕು. ಅಲ್ಲಿ ಬಾಡಿಗೆ ಮನೆ ಕೇಳಿದರೂ ಕ್ರೆಡಿಟ್ ಸ್ಕೋರ್ ನೋಡುತ್ತಾರೆ, ಹೊಸದಾಗಿ ಹೋದವನಿಗೆ ಸ್ಕೋರ್ ಎಲ್ಲಿಂದ ಬರಬೇಕು? ಹಾಗಾಗಿ ಎಂಜಿನಿಯರಿಂಗ್ ಓದಿದ ಹಳೇ ಚಟದಂತೆ ಕಾಗದದ ಮೇಲೆ ಲೆಕ್ಕಕ್ಕೆ ಕೂತೆ. ಒಂದೇ ಪ್ರಶ್ನೆ: ಫೀ ಇಲ್ಲ, ಮೇಲೆ ಕಾಫಿ ಬೇರೆ ಕೊಡ್ತಾರೆ ಅಂದ್ರೆ ಆ ದುಡ್ಡು ಎಲ್ಲಿಂದ ಬರ್ತಿದೆ?

ಮೊದಲನೇ ಜೇಬು: ಅಂಗಡಿಯವರದ್ದು

ನೀವು ಕಾರ್ಡ್ ಉಜ್ಜಿದಾಗ ಅಂಗಡಿಯವರಿಗೆ ಪೂರ್ತಿ ದುಡ್ಡು ಸಿಗಲ್ಲ. ಒಂದು ಪಾಲು ಕಡಿತವಾಗುತ್ತೆ. ಅದರಲ್ಲಿ ದೊಡ್ಡ ಭಾಗ ನಿಮಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೋಗುತ್ತೆ. ನಿಮ್ಮ ಪಾಯಿಂಟ್ ಹುಟ್ಟೋದು ಅಲ್ಲಿ. ಅಂಗಡಿಯವರು ಈ ಕಡಿತವನ್ನು ಬೆಲೆಯಲ್ಲೇ ಸೇರಿಸಿಕೊಳ್ಳುತ್ತಾರೆ. ಆ ಬೆಲೆ ಎಲ್ಲರಿಗೂ ಒಂದೇ, ನೋಟು ಕೊಡುವವರಿಗೂ.

ಅಂದ್ರೆ ಪಾಯಿಂಟ್ ಸಿಗೋದು ಕಾರ್ಡ್ ಇದ್ದವರಿಗೆ, ಅದರ ಖರ್ಚು ಹಂಚಿಕೆಯಾಗೋದು ಎಲ್ಲರ ಮೇಲೆ. ಬಾಸ್ಟನ್ ಫೆಡರಲ್ ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರು 2010ರಲ್ಲಿ ಅಮೆರಿಕದ ಲೆಕ್ಕ ಹಾಕಿದ್ದರು. ಅತಿ ಕಡಿಮೆ ಆದಾಯದ ಮನೆಗಳು ಈ ವ್ಯವಸ್ಥೆಯಲ್ಲಿ ವರ್ಷಕ್ಕೆ ಸರಾಸರಿ 21 ಡಾಲರ್ ಕಳೆದುಕೊಂಡರೆ, ಅತಿ ಹೆಚ್ಚು ಆದಾಯದ ಮನೆಗಳು 750 ಡಾಲರ್ ಗಳಿಸುತ್ತಿದ್ದವು. ಬಡವರಿಂದ ಶ್ರೀಮಂತರಿಗೆ ಸದ್ದಿಲ್ಲದೆ ಸಬ್ಸಿಡಿ. ಬಿಟ್ಟಿ ಭಾಗ್ಯ ಅಂತ ಗ್ಯಾರಂಟಿಗಳನ್ನು ಆಡಿಕೊಳ್ಳುವವರ ಬಾಯಲ್ಲಿ ಈ ಭಾಗ್ಯದ ಹೆಸರು ನಾನಂತೂ ಕೇಳಿಲ್ಲ.

ಸರ್ಕಾರಗಳು ಮನಸ್ಸು ಮಾಡಿದರೆ ಇದನ್ನು ಕಡಿಮೆ ಮಾಡಬಹುದು. ಯುರೋಪಿಯನ್ ಒಕ್ಕೂಟ 2015ರಲ್ಲಿ ಸಾಮಾನ್ಯ ಗ್ರಾಹಕರ ಕ್ರೆಡಿಟ್ ಕಾರ್ಡ್ ವಹಿವಾಟಿನಲ್ಲಿ ಬ್ಯಾಂಕಿಗೆ ಹೋಗುವ ಪಾಲಿಗೆ ಶೇ 0.3ರ ಮಿತಿ ಹಾಕಿತು. ಕೆನಡಾ ಸರ್ಕಾರ ವೀಸಾ, ಮಾಸ್ಟರ್‌ಕಾರ್ಡ್ ಜೊತೆ ಒಪ್ಪಂದ ಮಾಡಿಕೊಂಡು 2024ರ ಅಕ್ಟೋಬರ್‌ನಿಂದ ಸಣ್ಣ ಅಂಗಡಿಗಳಿಗೆ ಈ ದರವನ್ನು ಸರಾಸರಿ ಶೇ 0.95ಕ್ಕೆ ಇಳಿಸಿತು.

ಎರಡನೇ ಜೇಬು: ಬಾಕಿ ಉಳಿಸಿಕೊಂಡವರದ್ದು

ಕೆನಡಾದ ಎಷ್ಟೋ ಕಾರ್ಡುಗಳ ಬಡ್ಡಿ ವರ್ಷಕ್ಕೆ ಶೇ 20ರ ಆಸುಪಾಸು. 1,500 ಡಾಲರ್ ಬಾಕಿ ಉಳಿದರೆ ತಿಂಗಳಿಗೆ ಸುಮಾರು 25 ಡಾಲರ್ ಬಡ್ಡಿ. ಶೇ 1ರ ಲೆಕ್ಕದಲ್ಲಿ 25 ಡಾಲರ್ ಪಾಯಿಂಟ್ ಗಳಿಸೋಕೆ 2,500 ಡಾಲರ್ ಖರ್ಚು ಮಾಡಬೇಕು. ಒಂದು ತಿಂಗಳು ಎಡವಿದರೆ ತಿಂಗಳುಗಟ್ಟಲೆ ಕೂಡಿಟ್ಟ ಕಾಫಿ ಹೋಯ್ತು.

ಇದನ್ನು ನಾನು ಅನುಭವಿಸಿದ್ದೀನಿ. ಮೊದಲ ಕೆಲಸಕ್ಕೆ ಸೇರಿದಾಗ ಟೆಕ್ ಪಾರ್ಕಿನ ಕ್ಯಾಂಟೀನ್ ಮುಂದೆ ಮೇಜು ಹಾಕಿಕೊಂಡು ಕೂತಿದ್ದ ಒಂದು ಬ್ಯಾಂಕಿನವರು "ಸರ್, ಲೈಫ್‌ಟೈಮ್ ಫ್ರೀ" ಅಂತ ಕಾರ್ಡ್ ಕೊಟ್ಟರು. ಬಿಲ್‌ನಲ್ಲಿ 'ಮಿನಿಮಮ್ ಡ್ಯೂ' ಅಂತ ಸಣ್ಣ ಮೊತ್ತ ಕಂಡಿತು. ಅಷ್ಟು ಕಟ್ಟಿದರೆ ಸಾಕು ಅಂದುಕೊಂಡು ನಾಲ್ಕು ತಿಂಗಳು ಕಟ್ಟಿದೆ. ಡಿಫರೆನ್ಷಿಯಲ್ ಈಕ್ವೇಷನ್ ಬಿಡಿಸಿ ಪಾಸಾದವನಿಗೆ ಚಕ್ರಬಡ್ಡಿ ಕಣ್ಣಿಗೆ ಬೀಳಲಿಲ್ಲ. ಆ ಕಾರ್ಡಿನ ಪಾಯಿಂಟ್‌ನಲ್ಲಿ ನನಗೆ ಸಿಕ್ಕಿದ್ದು ಒಂದು ಕಾಫಿ ಮಗ್.

ಮೂರನೇ ಜೇಬು: ನಿಮ್ಮ ಮಾಹಿತಿ

ಟಿಮ್ ಹಾರ್ಟನ್ಸ್‌ನ ಆ್ಯಪ್ ಗ್ರಾಹಕರ ಓಡಾಟವನ್ನು ಹಿಂಬಾಲಿಸುತ್ತಿದ್ದ ವಿಷಯ 2020ರಲ್ಲಿ ಹೊರಬಂತು. ಕೆನಡಾದ ಪತ್ರಕರ್ತರೊಬ್ಬರು ತಮ್ಮ ಮಾಹಿತಿ ಕೊಡಿ ಅಂತ ಕಂಪನಿಯನ್ನು ಕೇಳಿದಾಗ, ಐದು ತಿಂಗಳಿಗೂ ಕಡಿಮೆ ಅವಧಿಯಲ್ಲಿ 2,700ಕ್ಕೂ ಹೆಚ್ಚು ಬಾರಿ ಅವರು ಎಲ್ಲಿದ್ದಾರೆಂದು ದಾಖಲಾಗಿತ್ತು. 2022ರ ಜೂನ್‌ನಲ್ಲಿ ಅಲ್ಲಿನ ಖಾಸಗಿತನ ಆಯುಕ್ತರು ಜಂಟಿ ತನಿಖೆಯ ವರದಿ ಕೊಟ್ಟರು. ಆ್ಯಪ್ ಮುಚ್ಚಿದ್ದಾಗಲೂ ಕೆಲವೇ ನಿಮಿಷಗಳಿಗೊಮ್ಮೆ ಲೊಕೇಶನ್ ಹೋಗುತ್ತಿತ್ತು. ಮನೆ ಎಲ್ಲಿ, ಆಫೀಸ್ ಎಲ್ಲಿ, ಎದುರಾಳಿ ಕಂಪನಿಯ ಕಾಫಿ ಅಂಗಡಿಗೆ ಹೋದ್ರಾ ಅನ್ನೋದನ್ನೂ ಅದು ಊಹಿಸುತ್ತಿತ್ತು.

ಕಂಪನಿ ಅಷ್ಟರೊಳಗೆ ಅದನ್ನು ನಿಲ್ಲಿಸಿತ್ತು. ಗ್ರಾಹಕರು ಹಾಕಿದ ಕೇಸ್‌ನಲ್ಲಿ ಕಂಪನಿ ಪರಿಹಾರ ಅಂತ ಮುಂದಿಟ್ಟಿದ್ದೇನು ಗೊತ್ತಾ? ಒಂದು ಬಿಸಿ ಪಾನೀಯ, ಜೊತೆಗೊಂದು ಬೇಕರಿ ತಿಂಡಿ. ಕಾರ್ಡ್ ಬಂದಿದ್ದು ಅದರ ಮರುವರ್ಷ. ಕಾರ್ಡ್ ಕೂಡ ಅದೇ ತಪ್ಪು ಮಾಡ್ತಿದೆ ಅಂತ ನಾನು ಹೇಳುತ್ತಿಲ್ಲ. ಆ್ಯಪ್ ಜೊತೆ ಕಾರ್ಡನ್ನೂ ಸೇರಿಸುವ ಮುಂಚೆ ಈ ಇತಿಹಾಸ ಗೊತ್ತಿರಲಿ.

ಇನ್ನೊಂದು ವಿಷಯ. ಪಾಯಿಂಟ್ ಅನ್ನೋದು ಕಂಪನಿ ಅಚ್ಚು ಹಾಕುವ ನೋಟು. ಬೆಲೆ ಇಳಿಸೋಕೆ ಅವರು ಯಾರನ್ನೂ ಕೇಳಬೇಕಿಲ್ಲ. 2023ರ ಫೆಬ್ರವರಿಯಲ್ಲಿ ಅಮೆರಿಕದ ಸ್ಟಾರ್‌ಬಕ್ಸ್, 50 ಸ್ಟಾರ್‌ಗೆ ಸಿಗುತ್ತಿದ್ದ ಬಿಸಿ ಕಾಫಿಯನ್ನು 100 ಸ್ಟಾರ್‌ಗೆ ಏರಿಸಿತು. ಕೂಡಿಟ್ಟವರ ಉಳಿತಾಯ ಆ ಕಾಫಿ ಲೆಕ್ಕದಲ್ಲಿ ರಾತ್ರೋರಾತ್ರಿ ಅರ್ಧವಾಯ್ತು.

ನಮ್ಮಲ್ಲಿ ಏನಾಗ್ತಿದೆ?

ಒಂದು ವಿಷಯದಲ್ಲಿ ನಮ್ಮ ನಿಯಮ ಚೆನ್ನಾಗಿದೆ. ಆರ್‌ಬಿಐನ 2022ರ ಏಪ್ರಿಲ್ ನಿರ್ದೇಶನದ ಪ್ರಕಾರ, ಬ್ರ್ಯಾಂಡ್ ಹೆಸರಿನ ಕಾರ್ಡಿನಲ್ಲಿ ಆ ಬ್ರ್ಯಾಂಡ್‌ಗೆ ನಿಮ್ಮ ವಹಿವಾಟಿನ ವಿವರ ಸಿಗುವಂತಿಲ್ಲ. ಕೇಳದೆ ಕಾರ್ಡ್ ಕೊಡುವಂತಿಲ್ಲ. ಬಾಕಿ ಇಲ್ಲದ ಕಾರ್ಡ್ ಮುಚ್ಚಿ ಅಂತ ಕೇಳಿದರೆ ಏಳು ಕೆಲಸದ ದಿನದೊಳಗೆ ಮುಚ್ಚಬೇಕು, ಇಲ್ಲದಿದ್ದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು.

ಬಡ್ಡಿಯ ವಿಷಯಕ್ಕೆ ಬಂದರೆ ಕಥೆ ಉಲ್ಟಾ. ಕೆನಡಾದಲ್ಲಿ 2025ರ ಜನವರಿ 1ರಿಂದ, ಕೆಲವು ವಿನಾಯಿತಿ ಬಿಟ್ಟರೆ, ವರ್ಷಕ್ಕೆ ಶೇ 35 ದಾಟಿದ ಬಡ್ಡಿ ಕ್ರಿಮಿನಲ್ ಅಪರಾಧ. ನಮ್ಮಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಶೇ 30ಕ್ಕಿಂತ ಹೆಚ್ಚಿನ ಕಾರ್ಡ್ ಬಡ್ಡಿಯನ್ನು ಅನುಚಿತ ವ್ಯಾಪಾರ ಪದ್ಧತಿ ಅಂದಿತ್ತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಬಡ್ಡಿ ನೋಡಿಕೊಳ್ಳೋದು ಆರ್‌ಬಿಐ ಕೆಲಸ, ಆಯೋಗದ್ದಲ್ಲ ಅನ್ನೋದು ಕೋರ್ಟಿನ ನಿಲುವು. ಆರ್‌ಬಿಐ ವಿಪರೀತ ಬಡ್ಡಿ ಬೇಡ ಅನ್ನುತ್ತದೆ, ಆದರೆ ಎಷ್ಟು ಅಂತ ಅಂಕಿ ಹೇಳುವುದಿಲ್ಲ.

ಫಲಿತಾಂಶ? ತಿಂಗಳಿಗೆ ಶೇ 3.6 ಬಡ್ಡಿ ನಮ್ಮಲ್ಲಿ ಮಾಮೂಲು. ವರ್ಷಕ್ಕೆ ಶೇ 43ರ ಮೇಲೆ. 20,000 ರೂಪಾಯಿ ಬಾಕಿಗೆ ತಿಂಗಳಿಗೆ 720 ರೂಪಾಯಿ ಬಡ್ಡಿ, ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು ಸುಮಾರು 850. ಶೇ 1ರ ರಿವಾರ್ಡ್‌ನಲ್ಲಿ ಇಷ್ಟು ವಾಪಸ್ ಬರಬೇಕಾದರೆ 85,000 ರೂಪಾಯಿ ಖರ್ಚು ಮಾಡಬೇಕು. ಕೆನಡಾದಲ್ಲಿ ಜೈಲಿಗೆ ದಾರಿಯಾಗಬಹುದಾದ ದರ, ಬೆಂಗಳೂರಿನ ಮಾಲ್‌ಗಳಲ್ಲಿ "ಲೈಫ್‌ಟೈಮ್ ಫ್ರೀ" ಅನ್ನೋ ಬೋರ್ಡ್ ಕೆಳಗೆ ರಾಜಾರೋಷವಾಗಿ ಮಾರಾಟವಾಗುತ್ತಿದೆ.

ತಮ್ಮನಿಗೆ ಬರೆದ ಉತ್ತರ ಇಷ್ಟು. ತಗೋ, ಸ್ಕೋರ್‌ಗೋಸ್ಕರ ತಗೋ, ಕಾಫಿಗೋಸ್ಕರ ಅಲ್ಲ. ಫೀ ನೋಡುವ ಮುಂಚೆ ಬಡ್ಡಿ ದರ ನೋಡು. ಇದೇ ಬಡ್ಡಿಗೆ ನಗದು ವಾಪಸ್ ಕೊಡುವ ಫೀ ಇಲ್ಲದ ಕಾರ್ಡ್ ಸಿಕ್ಕರೆ ಅದೇ ವಾಸಿ, ದುಡ್ಡಲ್ಲಿ ಅಕ್ಕಿನೂ ಬರುತ್ತೆ, ಕಾಫಿನೂ ಬರುತ್ತೆ. ಲಿಮಿಟ್ ಕಡಿಮೆ ಇಡಿಸು. ಪೂರ್ತಿ ಬಿಲ್‌ಗೆ ಆಟೋ ಪೇ ಹಾಕು, ಮಿನಿಮಮ್‌ಗೆ ಅಲ್ಲ. ಲೊಕೇಶನ್ ಆಫ್ ಮಾಡು. ಪಾಯಿಂಟ್ ಬಂದ ಹಾಗೇ ಖರ್ಚು ಮಾಡು, ಕೂಡಿಡಬೇಡ.

"ಇಷ್ಟೆಲ್ಲಾ ನೋಡಬೇಕಾ ಅಣ್ಣ, ಒಂದು ಕಾಫಿಗೆ?" ಅಂದ. ಅವನ ಮಾತಲ್ಲಿ ತಪ್ಪಿಲ್ಲ. ಸಂಜೆ ತನಕ ಪಾಠ, ರಾತ್ರಿ ತನಕ ದುಡಿಮೆ ಅಂತ ಓಡುವ ಹುಡುಗ ಇಷ್ಟೆಲ್ಲ ಲೆಕ್ಕ ಹಾಕಬೇಕು ಅಂತ ಬಯಸೋದೇ ಅನ್ಯಾಯ. ಅದಕ್ಕೇ ನಿಯಮ ಬೇಕು. ಅಂಗಡಿ ಕಡಿತಕ್ಕೊಂದು ಮಿತಿ, ಬಡ್ಡಿಗೊಂದು ಅಂಕಿ, ಮತ್ತು "ಫ್ರೀ" ಅನ್ನೋ ಬೋರ್ಡಿನ ಮೇಲೆ ಅಷ್ಟೇ ದಪ್ಪ ಅಕ್ಷರದಲ್ಲಿ ವಾರ್ಷಿಕ ಬಡ್ಡಿ ದರ. ಮನೆಮನೆಗೆ ಸಿಗುವ ಅಕ್ಕಿ, ಕರೆಂಟಿನ ಬಗ್ಗೆ ಗಂಟೆಗಟ್ಟಲೆ ಚರ್ಚೆ ಮಾಡುವ ನಾವು, ಮುಂದಿನ ಬಾರಿ ಸಂಸದರು ಓಟು ಕೇಳಿಕೊಂಡು ಬಂದಾಗ ಈ ಮೂರನ್ನೂ ಕೇಳೋಣ.