ಪೆಲಕಾಯಿಗೆ ಇಂಗ್ಲಿಷಿನಲ್ಲಿ ಎಂತ ಹೇಳ್ತಾರೆ?

ಮಗಳಿಗೆ ಈ ಏಪ್ರಿಲಿನಲ್ಲಿ ಆರು ತುಂಬಿತು. ಒಂದನೇ ಕ್ಲಾಸಿಗೆ ಜೂನ್ 1ಕ್ಕೆ ಆರು ವರ್ಷ ಆಗಿರಬೇಕು ಎಂಬ ನಿಯಮಕ್ಕೆ ಸರಿಯಾಗಿ ಹುಟ್ಟಿದವಳು, ಆ ಮಟ್ಟಿಗೆ ನನಗೆ ತಲೆಬಿಸಿ ಇರಲಿಲ್ಲ. (ನನ್ನ ಕಲೀಗ್ ಒಬ್ಬಳ ಕತೆ ಬೇರೆ. 2025-26ಕ್ಕೆ ಮಾತ್ರ ಅಂತ ಸರಕಾರ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದು ಏಪ್ರಿಲಿನಲ್ಲಿ. ಅಷ್ಟರಲ್ಲಿ ಅವಳು ಮಗನಿಗೆ ಇನ್ನೊಂದು ವರ್ಷದ ಯುಕೆಜಿ ಫೀಸು ಕಟ್ಟಿ ಆಗಿತ್ತು.) ನನ್ನ ತಲೆಬಿಸಿ ಶಾಲೆ ಯಾವುದು ಅನ್ನುವುದರಲ್ಲಿತ್ತು.

ಕೊರೊನಾ ಹೊತ್ತಿನಲ್ಲಿ ಬೆಂಗಳೂರು ಬಿಟ್ಟು ಅಜೆಕಾರಿಗೆ ಅಮ್ಮನ ಮನೆಗೆ ಬಂದವಳು ನಾನು, ಹಾಗೇ ಉಳಿದೆ. ವಾರಕ್ಕೆ ಎರಡು ದಿನ ಮಣಿಪಾಲದ ಆಫೀಸು, ಉಳಿದ ದಿನ ಚಾವಡಿಯ ಮೂಲೆಯಲ್ಲಿ ಲ್ಯಾಪ್‌ಟಾಪ್. ಗಂಡ ಬೆಂಗಳೂರಿನಲ್ಲೇ, ಹದಿನೈದು ದಿನಕ್ಕೊಮ್ಮೆ ರಾತ್ರಿ ಬಸ್ಸಿನಲ್ಲಿ ಬರುತ್ತಾರೆ. ಮಗಳು ಎಲ್‌ಕೆಜಿ, ಯುಕೆಜಿ ಮಾಡಿದ್ದು ಇಲ್ಲೇ ಹತ್ತು ನಿಮಿಷದ ದಾರಿಯಲ್ಲಿರುವ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ. ಒಂದನೇ ಕ್ಲಾಸಿಗೆ ಬರುವಾಗ ಊರಿನಲ್ಲಿ ಸಿಕ್ಕಿದವರದ್ದೆಲ್ಲ ಒಂದೇ ಮಾತು: "ಕಾರ್ಕಳಕ್ಕೆ ಹಾಕು ಮಾರಾಯ್ತಿ, ಇಲ್ಲಿ ಎಂತ ಉಂಟು?"

ಸಾಫ್ಟ್‌ವೇರಿನವರು ಇಂಥ ಹೊತ್ತಿನಲ್ಲಿ ಮಾಡುವುದು ಒಂದೇ, ಎಕ್ಸೆಲ್ ಶೀಟು. ನಾನೂ ಮಾಡಿದೆ. ಐದು ಶಾಲೆ, ಹದಿನಾಲ್ಕು ಕಾಲಂ. ಫೀಸು, ಸಿಲೆಬಸ್, ಆಟದ ಮೈದಾನ, ಎಷ್ಟನೇ ಕ್ಲಾಸಿನವರೆಗೆ ಮಾನ್ಯತೆ, ಎಸ್ಸೆಸ್ಸೆಲ್ಸಿ ರಿಸಲ್ಟ್. ಒಂದೊಂದಕ್ಕೂ ಇಂತಿಷ್ಟು ಮಾರ್ಕು. ಅಮ್ಮ ಕನ್ನಡಕ ಹಾಕಿಕೊಂಡು ನೋಡಿ, "ಹುಡುಗಿ ನೋಡ್ಲಿಕ್ಕೆ ಹೋಗುವವರೂ ಇಷ್ಟು ಲೆಕ್ಕ ಹಾಕುವುದಿಲ್ಲ" ಅಂದರು.

ಒಂದು ಉಪಯೋಗದ ವಿಷಯ ಇಲ್ಲೇ ಹೇಳಿಬಿಡ್ತೇನೆ. ದೇಶದ ಪ್ರತಿ ಶಾಲೆಗೂ 11 ಅಂಕಿಯ ಯುಡೈಸ್ ಸಂಖ್ಯೆ ಇರುತ್ತದೆ. ಯುಡೈಸ್ ಪ್ಲಸ್ ವೆಬ್‌ಸೈಟಿನ ‘ನೋ ಯುವರ್ ಸ್ಕೂಲ್’ ಪುಟದಲ್ಲಿ ಶಾಲೆಯ ಹೆಸರು ಹಾಕಿದರೆ ಮಕ್ಕಳೆಷ್ಟು, ಟೀಚರುಗಳೆಷ್ಟು, ಕೋಣೆ ಎಷ್ಟು, ಶೌಚಾಲಯ ಎಷ್ಟು ಅಂತ ಸಿಗುತ್ತದೆ. ಶಾಲೆಯವರೇ ತುಂಬಿಸಿದ ಮಾಹಿತಿ, ಹಾಗಾಗಿ ಪೂರ್ತಿ ನಂಬಬೇಡಿ. ಆದರೆ ಬಣ್ಣದ ಬ್ರೋಷರಿನಲ್ಲಿ ಇರುವುದಕ್ಕೂ ಅಲ್ಲಿರುವುದಕ್ಕೂ ಹೊಂದಿಕೆ ಆಗದಿದ್ದರೆ ಕೇಳ್ಲಿಕ್ಕೆ ಒಂದು ಪ್ರಶ್ನೆ ಸಿಗ್ತದೆ.

ಎಸ್ಸೆಸ್ಸೆಲ್ಸಿ ಕಾಲಂ ಯಾಕೆ ಹಾಕಿದೆ ಅಂತ ಈಗ ನಗು ಬರುತ್ತದೆ. ನಮ್ಮ ಜಿಲ್ಲೆಯ ಹುಚ್ಚು ಅದು. 2024ರಲ್ಲಿ ಉಡುಪಿ 94 ಶೇಕಡಾದಲ್ಲಿ ರಾಜ್ಯಕ್ಕೇ ಮೊದಲು ಬಂತು. ಮರುವರ್ಷ ದಕ್ಷಿಣ ಕನ್ನಡ ಮೊದಲು, ನಾವು ಎರಡನೇ. ಮೇ ತಿಂಗಳು ಬಂತೆಂದರೆ ಪೇಟೆ ತುಂಬ ಟಾಪರುಗಳ ಫ್ಲೆಕ್ಸು. ಹತ್ತನೇ ಕ್ಲಾಸಿನಲ್ಲಿ 620 ತೆಗೆದ ಹುಡುಗಿ ಒಂದನೇ ಕ್ಲಾಸಿನಲ್ಲಿ ಅದೇ ಶಾಲೆಯಲ್ಲಿದ್ದಳಾ, ಇದ್ದರೆ ದಿನಾ ಅಳುತ್ತಿದ್ದಳಾ, ಅದು ಫ್ಲೆಕ್ಸಿನಲ್ಲಿ ಇರುವುದಿಲ್ಲ.

ಶೀಟಿನಲ್ಲಿ ಮೊದಲು ಬಂದದ್ದು ಕಾರ್ಕಳ ಕಡೆಯ ಒಂದು ದೊಡ್ಡ ಶಾಲೆ. ವರ್ಷಕ್ಕೆ 58,000, ಬಸ್ಸಿಗೆ ಬೇರೆ 18,000. ಜನವರಿಯ ಒಂದು ಶನಿವಾರ ‘ಇಂಟರಾಕ್ಷನ್’ ಅಂತ ಕರೆದರು. ಇಂಟರ್‌ವ್ಯೂ ಅನ್ನುವ ಶಬ್ದ ಯಾರೂ ಬಳಸಲಿಲ್ಲ.

ತಣ್ಣಗಿನ ಕೋಣೆ, ಮೇಜಿನಾಚೆ ಒಬ್ಬರು ಮೇಡಂ. ಹೆಸರು ಕೇಳಿದರು, ಹೇಳಿದಳು. ಬಣ್ಣ ಕೇಳಿದರು, ಹೇಳಿದಳು. ಆಮೇಲೆ ಹಣ್ಣುಗಳ ಚಾರ್ಟು ತೆಗೆದು ಒಂದರ ಮೇಲೆ ಬೆರಳಿಟ್ಟರು. ಮಗಳ ಮುಖ ಅರಳಿತು. ನಮ್ಮ ಅಂಗಳದಲ್ಲೇ ಮರ ಉಂಟು, ಅವಳಿಗೆ ಅದರ ಹುಟ್ಟಿನಿಂದ ಗುರುತು. "ಪೆಲಕಾಯಿ!" ಅಂದಳು ಜೋರಾಗಿ. ಮೇಡಂ, "ನೋ ನೋ. ಇಂಗ್ಲಿಷ್" ಅಂದರು. ಬೈದದ್ದಲ್ಲ, ನಗುತ್ತಲೇ ಹೇಳಿದ್ದು. ಮಗಳು ನನ್ನ ಮುಖ ನೋಡಿದಳು. ಹಲಸಿನ ಹಣ್ಣಿಗೆ ಜ್ಯಾಕ್‌ಫ್ರೂಟ್ ಅಂತಾರೆ ಅಂತ ನಾವು ಅವಳಿಗೆ ಯಾವಾಗಲೂ ಹೇಳಿಕೊಟ್ಟಿರಲಿಲ್ಲ, ಅದರ ಅಗತ್ಯವೇ ಬಿದ್ದಿರಲಿಲ್ಲ. ಆಮೇಲೆ ಬಾಳೆಹಣ್ಣು ತೋರಿಸಿದರೂ ಬಾಯಿ ಬಿಡಲಿಲ್ಲ. ಬನಾನಾ ಅವಳಿಗೆ ಎರಡು ವರ್ಷದಿಂದ ಗೊತ್ತು.

ಮೇಡಂ ನನ್ನ ಕಡೆ ತಿರುಗಿ, "ಮನೇಲಿ ಯಾವ ಲ್ಯಾಂಗ್ವೇಜ್ ಮಾತಾಡ್ತೀರಿ?" ಕೇಳಿದರು.

"ಕನ್ನಡ... ಇಂಗ್ಲಿಷೂ ಮಾತಾಡ್ತೇವೆ" ಅಂದೆ.

ನಮ್ಮ ಮನೆಯಲ್ಲಿ ಬೆಕ್ಕಿನ ಹತ್ತಿರ ಸಹ ತುಳುವಿನಲ್ಲೇ ಮಾತಾಡುವುದು. ಇನ್ನೂ ಆರು ತುಂಬದ ಮಗಳಿಗೆ ಅದು ಸುಳ್ಳು ಅಂತ ಗೊತ್ತು. ಅವಳು ಮತ್ತೊಮ್ಮೆ ನನ್ನ ಮುಖ ನೋಡಿದಳು.

ಸಂಜೆ ಅಮ್ಮ ಕೈಗೆ ಎಣ್ಣೆ ಹಚ್ಚಿಕೊಂಡು ಪಲ್ಯಕ್ಕೆ ಗುಜ್ಜೆ ಹೆಚ್ಚುತ್ತಿದ್ದರು. ಮಗಳು ಹತ್ತಿರ ಹೋಗಿ ಸಣ್ಣ ದನಿಯಲ್ಲಿ, "ಅಜ್ಜಿ, ಪೆಲಕಾಯಿ ಪನ್ರೆ ಬಲ್ಲಿಗೆ" ಅಂದಳು. ಹಾಗೆ ಹೇಳಬಾರದಂತೆ. ಅಮ್ಮ ಕತ್ತಿ ನಿಲ್ಲಿಸಿ ನನ್ನ ಕಡೆ ನೋಡಿದರು. ನಾನು ಮೀಟಿಂಗ್ ಉಂಟು ಅಂತ ಒಳಗೆ ಹೋದೆ. ಶನಿವಾರ ಸಂಜೆ ಎಂಥ ಮೀಟಿಂಗು!

ಎರಡು ದಿನ ಬಿಟ್ಟು, ಸುಮ್ಮನೆ ಕೂರಲಾಗದೆ ಕಾನೂನು ಓದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್. ಮಗುವನ್ನು ಸೇರಿಸಿಕೊಳ್ಳುವಾಗ ಡೊನೇಷನ್ ಕೇಳುವ ಹಾಗಿಲ್ಲ, ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಪರೀಕ್ಷೆ ಮಾಡಿ ಆರಿಸುವ ಹಾಗಿಲ್ಲ. ಪರೀಕ್ಷೆ ಮಾಡಿದರೆ ಮೊದಲ ಸಲ 25,000 ರೂಪಾಯಿವರೆಗೆ ದಂಡ, ಆಮೇಲೆ ಪ್ರತಿ ಸಲ 50,000. ಡೊನೇಷನ್ನಿಗೆ, ತೆಗೆದುಕೊಂಡ ಹಣದ ಹತ್ತು ಪಟ್ಟಿನವರೆಗೆ. ಬಿಇಒ ಆಫೀಸಿಗೆ ಒಂದು ಅರ್ಜಿ ಬರೆಯಬಹುದಿತ್ತು. ಬರೆಯಲಿಲ್ಲ. ಯಾಕೆಂದರೆ ಬುಧವಾರ ಅದೇ ಶಾಲೆಯಿಂದ ‘ಸೆಲೆಕ್ಟೆಡ್’ ಅಂತ ಮೆಸೇಜ್ ಬಂತು, ಮತ್ತು ನನಗೆ ಖುಷಿ ಆಯಿತು. ಗಂಡನಿಗೆ ಫಾರ್ವರ್ಡ್ ಮಾಡಿದೆ, ಅವರು ಮೂರು ಚಪ್ಪಾಳೆ ಕಳಿಸಿದರು. ಹೀಗಿದ್ದೇನೆ ನಾನು.

ಇಲ್ಲಿ ಒಂದು ಮಾತು. ನಾನು ಇಂಗ್ಲಿಷ್ ಮೀಡಿಯಂ ಬೇಡ ಅನ್ನುವವಳಲ್ಲ. ಏಳರವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವಳು. ಇಂಜಿನಿಯರಿಂಗ್ ಮೊದಲ ಸೆಮಿಸ್ಟರಿನಲ್ಲಿ ಸೆಮಿನಾರಿಗೆ ನಿಂತು ಬಾಯಿ ಒಣಗಿ ಕೂತದ್ದು ಇನ್ನೂ ನೆನಪುಂಟು. ನಾಲ್ಕನೇ ಕ್ಲಾಸಿನವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಕಲಿಸಬೇಕು ಅಂತ ಸರಕಾರ 1994ರಲ್ಲಿ ಮಾಡಿದ ಆದೇಶ 20 ವರ್ಷ ಕೋರ್ಟು ಸುತ್ತಿ, 2014ರ ಮೇ 6ಕ್ಕೆ ಸುಪ್ರೀಂ ಕೋರ್ಟಿನಲ್ಲಿ ಬಿತ್ತು. ಯಾವ ಭಾಷೆಯಲ್ಲಿ ಓದಿಸಬೇಕು ಅಂತ ಹೇರುವ ಹಾಗಿಲ್ಲ, ಆರಿಸುವ ಹಕ್ಕು ನಮ್ಮದು ಅಂತ ಆಯಿತು. ಆ ಹಕ್ಕು ನನಗೆ ಬೇಕು. ಆದರೆ ಇಂಗ್ಲಿಷು ಕಲಿಯುವುದಕ್ಕೆ ಪೆಲಕಾಯಿ ಮರೆಯಬೇಕಾ ಅನ್ನುವ ಪ್ರಶ್ನೆಗೆ ನನ್ನ ಹದಿನಾಲ್ಕು ಕಾಲಮಿನಲ್ಲಿ ಜಾಗ ಇರಲಿಲ್ಲ.

ಸರಕಾರಿ ಶಾಲೆ ಯಾಕಲ್ಲ ಅಂತ ಕೇಳುವವರಿದ್ದೀರಿ, ಗೊತ್ತು. ನಾನು ಓದಿದ ಶಾಲೆಗೇ ಹೋಗಿ ನೋಡಿ ಬಂದೆ. 60 ಮಕ್ಕಳವರೆಗೆ ಇಬ್ಬರು ಟೀಚರು ಅಂತ ಕಾಯ್ದೆ. ಅಲ್ಲಿ ಅರವತ್ತರ ಅರ್ಧವೂ ಇಲ್ಲ. ಒಂದು, ಎರಡು, ಮೂರನೇ ಕ್ಲಾಸು ಒಟ್ಟಿಗೆ ಕೂತು ನಲಿ-ಕಲಿ ಮಾಡುತ್ತಿದ್ದರು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿ ಚೆನ್ನಾಗಿಯೇ ಉಂಟು, ಕಾರ್ಡು ಹಿಡಿದ ಮಕ್ಕಳು ಖುಷಿಯಲ್ಲೇ ಇದ್ದರು. ಆದರೆ ಮಗಳ ವಯಸ್ಸಿನವರು ಮೂರೇ ಮಂದಿ. ಧೈರ್ಯ ಬರಲಿಲ್ಲ. ನನ್ನಂಥವರಿಗೆ ಧೈರ್ಯ ಬಾರದ್ದಕ್ಕೇ ಮೂರು ಮಂದಿ ಆದದ್ದು ಅಂತಲೂ ಗೊತ್ತು.

ಕೊನೆಗೆ ಲೆಕ್ಕ ತಪ್ಪಿಸಿದ್ದು ಬಸ್ಸು. ಫೀಸು ಕಟ್ಟುವ ಮೊದಲು ಒಂದು ಸೋಮವಾರ ಸ್ಕೂಟರಿನಲ್ಲಿ ಆ ಹಳದಿ ಬಸ್ಸಿನ ಹಿಂದೆ ಹೋದೆ. ಅಜೆಕಾರಿನಿಂದ ಕಾರ್ಕಳ ನೆಟ್ಟಗೆ ಹೋದರೆ ಅರ್ಧ ಗಂಟೆ. ಬಸ್ಸು ಎಡಕ್ಕೊಮ್ಮೆ ಬಲಕ್ಕೊಮ್ಮೆ ಒಳ ರಸ್ತೆಗೆ ನುಗ್ಗಿ, ತಿರುಗಿಸಿ, ಹೊರಗೆ ಬಂತು. 7.10ಕ್ಕೆ ಹೊರಟದ್ದು ಮುಟ್ಟುವಾಗ 8.20. ಕೊನೆಯ ಸೀಟಿನಲ್ಲಿ ಟೈ ಕಟ್ಟಿದ ಒಬ್ಬ ಸಣ್ಣ ಹುಡುಗ ಕಿಟಕಿಯ ಸರಳಿಗೆ ಕೆನ್ನೆ ಒತ್ತಿ ನಿದ್ದೆ ಹೋಗಿದ್ದ. ಪ್ರತಿ ಹೊಂಡಕ್ಕೂ ಅವನ ತಲೆ ಎದ್ದು ಬೀಳುತ್ತಿತ್ತು.

ಮನೆಗೆ ಬಂದು ಹದಿನೈದನೇ ಕಾಲಂ ಹಾಕಿದೆ. ಹೋಗುವಾಗ 70 ನಿಮಿಷ, ಬರುವಾಗ 70. ಕಾಯ್ದೆಯ ಪ್ರಕಾರ ಒಂದರಿಂದ ಐದನೇ ಕ್ಲಾಸಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಪಾಠ ಆಗಬೇಕು. 200 ದಿನಕ್ಕೆ ಬಸ್ಸಿನಲ್ಲಿ ಸುಮಾರು 467 ಗಂಟೆ. ಪಾಠದ ಅರ್ಧಕ್ಕಿಂತ ಹೆಚ್ಚು ಹೊತ್ತು ಹೊಂಡಗಳನ್ನು ಎಣಿಸುವುದಕ್ಕೆ 18,000. ಅದೂ ಜುಲೈಯ ಮಳೆಯಲ್ಲಿ, ಡಿಸಿ ರಜೆ ಕೊಟ್ಟರಾ ಇಲ್ಲವಾ ಅಂತ ಬೆಳಿಗ್ಗೆ ಆರಕ್ಕೇ ಮೊಬೈಲ್ ನೋಡುತ್ತಾ.

ಮರುದಿನ ಮಗಳನ್ನು ಕರೆದುಕೊಂಡು ಬರಲು ಇಲ್ಲಿಯ ಶಾಲೆಗೆ ಹೋದಾಗ, ಎರಡು ವರ್ಷದಲ್ಲಿ ಮೊದಲ ಬಾರಿ ಗೇಟಿನಿಂದ ಒಳಗೆ ಹೋಗಿ ಒಂದನೇ ಕ್ಲಾಸಿನ ಬಾಗಿಲಲ್ಲಿ ನಿಂತೆ. ಅಲ್ಲಿಯ ಟೀಚರು ಹನ್ನೊಂದು ವರ್ಷದಿಂದ ಅದೇ ಕ್ಲಾಸು. ಇಂಗ್ಲಿಷಿನಲ್ಲಿ ಪಾಠ ಮಾಡುತ್ತಿದ್ದರು. ಉಚ್ಚಾರ ನನ್ನ ಹಾಗೆಯೇ, ಅಪ್ಪಟ ಊರಿನದ್ದು. ಒಬ್ಬ ಎದ್ದು ತುಳುವಿನಲ್ಲಿ ನೀರು ಕುಡಿದು ಬರಲಾ ಅಂತ ಕೇಳಿದ. ಟೀಚರು ತುಳುವಿನಲ್ಲೇ ಹೋಗಿ ಬಾ ಅಂದು, ಆ ವಾಕ್ಯವನ್ನು ಇಂಗ್ಲಿಷಿನಲ್ಲಿ ಹೇಗೆ ಕೇಳುವುದು ಅಂತ ಒಮ್ಮೆ ಹೇಳಿಸಿ ಕಳಿಸಿದರು. ಅಷ್ಟೇ. ಹೊರಗೆ ಬಂದು ಗಂಡನಿಗೆ ಫೋನ್ ಮಾಡಿದೆ.

ಅವರು ಸುಲಭಕ್ಕೆ ಒಪ್ಪಲಿಲ್ಲ. ಅವರು ಹೇಳುವುದರಲ್ಲೂ ಸತ್ಯ ಇಲ್ಲ ಅಂತಲ್ಲ. ಇಲ್ಲಿ ಏಳನೇ ಕ್ಲಾಸಿನವರೆಗೆ ಮಾತ್ರ. ಕಂಪ್ಯೂಟರ್ ಲ್ಯಾಬಿನಲ್ಲಿ ನಾಲ್ಕು ಕಂಪ್ಯೂಟರ್, ಅದರಲ್ಲಿ ಎರಡು ಹಾಳು. ನೀನು ನಿನ್ನ ಅನುಕೂಲ ನೋಡ್ತಿದ್ದಿ, ಅವಳ ಭವಿಷ್ಯ ಅಲ್ಲ ಅಂದರು. ಎರಡು ದಿನ ಮಾತು ಬಿಟ್ಟೆವು. ಆ ವಾರಾಂತ್ಯ ಬಂದವರನ್ನು ಬೆಳಿಗ್ಗೆ 6.15ಕ್ಕೆ ಎಬ್ಬಿಸಿ, ಮಗಳನ್ನು ಎಬ್ಬಿಸಿ ಹಲ್ಲುಜ್ಜಿಸಿ ತಿಂಡಿ ತಿನ್ನಿಸಿ 7.10ಕ್ಕೆ ಗೇಟಿನ ಹತ್ತಿರ ನಿಲ್ಲಿಸಿ ಅಂದೆ. 7.40 ಆಯಿತು. ಒಂದು ಕಾಲಿಗೆ ಸಾಕ್ಸ್ ಇರಲಿಲ್ಲ.

"ಎಂಟನೇ ಕ್ಲಾಸಿಗೆ ಎಂತ ಮಾಡ್ತಿ?" ಅಂತ ಮಾತ್ರ ಕೇಳಿದರು.

"ಆಗ ಅವಳೇ ಸಾಕ್ಸ್ ಹಾಕಿಕೊಳ್ತಾಳೆ" ಅಂದೆ.

ಕಾರ್ಕಳದ ಶಾಲೆಗೆ ಕಟ್ಟಿದ್ದ 2,000 ರೂಪಾಯಿ ರಿಜಿಸ್ಟ್ರೇಷನ್ ವಾಪಸ್ ಬರುವುದಿಲ್ಲ. ಮಗಳಿಗೆ ಜ್ಯಾಕ್‌ಫ್ರೂಟ್ ಅಂತ ಹೇಳಿಕೊಟ್ಟಿದ್ದೇನೆ. ಮನೆಯಲ್ಲಿ ಯಾವ ಭಾಷೆ ಅಂತ ಮತ್ತೆ ಯಾರಾದರೂ ಕೇಳಿದರೆ ನಾನು ಎಂತ ಹೇಳಬೇಕು ಅಂತ ಅವಳು ನನಗೆ ಹೇಳಿಕೊಟ್ಟಿದ್ದಾಳೆ. ಎಕ್ಸೆಲ್ ಶೀಟು ಡಿಲೀಟ್ ಮಾಡಲಿಲ್ಲ, ತಮ್ಮನ ಮಗನಿಗೆ ಬರುವ ವರ್ಷ ಬೇಕಂತೆ. ಬಸ್ಸಿನ ಕಾಲಂ ಎಲ್ಲಕ್ಕಿಂತ ಮೊದಲಿಗೆ ತಂದಿಟ್ಟು, ಎಸ್ಸೆಸ್ಸೆಲ್ಸಿ ತೆಗೆದು, ವಾಟ್ಸಾಪಿನಲ್ಲಿ ಕಳಿಸಿದೆ.