ಕಮಾಂಡೋ ಕೂಡ ಬದಲಿ ಕೂಲಿಯೇ?

ಮರೂನ್ ಟೋಪಿಯ ಪ್ಯಾರಾ ಕಮಾಂಡೋಗಳ ಚಿತ್ರ ಹಾಕಿ ಖಾಸಗಿ ತರಬೇತಿ ಅಕಾಡೆಮಿಗಳು ನಮ್ಮ ಹುಡುಗರನ್ನು ಕೂಗಿ ಕರೆಯುತ್ತಿವೆ. ಮಿಲ್ಲಿನ ಬೋನಸ್ಸು, ಕಿರಾಣಿ ಅಂಗಡಿಯವನ ಚೀಟಿ ಹಣ ಅಲ್ಲಿ ಫೀಜಿನ ರೂಪದಲ್ಲಿ ಕರಗುತ್ತಿದೆ. ಮಾರಲು ಅವರ ಬಳಿ ಇರುವುದಾದರೂ ಏನು? ಆ ಟೋಪಿಯನ್ನು ಯಾವ ಅಂಗಡಿಯೂ ಮಾರಲಾರದು.

ಹತ್ತನೆಯ ತರಗತಿ ಪಾಸಾದ ಹುಡುಗ ಪರೀಕ್ಷೆ ಬರೆದು, 1.6 ಕಿಲೋಮೀಟರ್ ಓಡಿ, ವೈದ್ಯರ ಮುಂದೆ ನಿಂತು ಮೊದಲು ಸಾಮಾನ್ಯ ಸಿಪಾಯಿಯಾಗಬೇಕು. ಬೆಂಗಳೂರಿನಲ್ಲಿರುವ ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರಕ್ಕೆ ಭರ್ತಿಯಾಗಬಹುದು. ಇಲ್ಲವೇ ಬೇರೆ ಪಲ್ಟನ್ನಿನಲ್ಲಿದ್ದು ತಾನೇ ಇಚ್ಛೆಪಟ್ಟು ಮುಂದೆ ಬರಬಹುದು. ಹೇಗೆ ಬಂದರೂ ತಿಂಗಳುಗಟ್ಟಲೆ ಪ್ರೊಬೇಷನ್ ತಪ್ಪದು. ನಿದ್ದೆಗೆಡಿಸಿ, ಬೆನ್ನಿಗೆ ಭಾರ ಹೇರಿ, ಮೈಲಿಗಟ್ಟಲೆ ನಡೆಸಿ ಸೋಸುತ್ತಾರೆ. ಬಹುಮಂದಿ ಹಿಂದಿರುಗುತ್ತಾರೆ. ಆಗ್ರಾದಲ್ಲಿ 5 ಸಲ, ಅದರಲ್ಲಿ ಒಮ್ಮೆ ರಾತ್ರಿಯಲ್ಲಿ, ವಿಮಾನದಿಂದ ಧುಮುಕಿಯೂ ತೋರಿಸಬೇಕು. ಆಮೇಲೆ ಸ್ಫೋಟಕ, ವೈರ್‌ಲೆಸ್, ಗಾಯಾಳುಗಳ ಶುಶ್ರೂಷೆ ಎಂದು ಒಬ್ಬೊಬ್ಬನೂ ಒಂದೊಂದು ಕಸುಬು ಕಲಿಯಬೇಕು. 1965ರ ಯುದ್ಧದಲ್ಲಿ ಮೇಜರ್ ಮೇಘ್ ಸಿಂಗ್ ಕಟ್ಟಿದ ಮೇಘದೂತ್ ಪಡೆಯವರೂ ಪಲ್ಟನ್ನುಗಳಿಂದ ಬಂದ ಪಳಗಿದ ಸಿಪಾಯಿಗಳೇ. ಅದರಿಂದಲೇ 1966ರಲ್ಲಿ 9ನೆಯ ಪ್ಯಾರಾ ಕಮಾಂಡೋ ಪಡೆ ಹುಟ್ಟಿತು.

ಇಂಥ ದಾರಿಯ ಬಾಗಿಲಲ್ಲಿ 2022ರ ಜೂನ್ 14ರಂದು ಕೇಂದ್ರ ಸರ್ಕಾರ ಅಗ್ನಿಪಥವೆಂಬ ಕರಾರನ್ನು ತಂದು ನಿಲ್ಲಿಸಿತು. ತರಬೇತಿಯೂ ಸೇರಿ ನಾಲ್ಕು ವರ್ಷ. ಆಮೇಲೆ ನೂರಕ್ಕೆ 25ರವರೆಗೆ ಮಾತ್ರ ಖಾಯಂ. ಮಿಕ್ಕವರಿಗೆ ಸುಮಾರು 11.71 ಲಕ್ಷ ರೂಪಾಯಿಯ ಗಂಟು. ಅದರಲ್ಲೂ ಅರ್ಧದಷ್ಟು ಹುಡುಗನ ಸಂಬಳದಿಂದಲೇ ಮುರಿದುಕೊಂಡದ್ದು! ಪಿಂಚಣಿ ಇಲ್ಲ, ಗ್ರಾಚ್ಯುಯಿಟಿ ಇಲ್ಲ. ರಣರಂಗದಲ್ಲಿ ಮಡಿದರೆ 48 ಲಕ್ಷದ ವಿಮೆಯೇ ಮುಂತಾದ ಹಣ ಉಂಟು. ಆದರೆ ಖಾಯಂ ಸಿಪಾಯಿಯ ಹೆಂಡತಿಗೆ ತಿಂಗಳು ತಿಂಗಳು ಬರುವ ಕುಟುಂಬ ಪಿಂಚಣಿ ಇವನ ಮನೆಗಿಲ್ಲ.

ಇದೇನು ಹೊಸ ವಿದ್ಯೆಯೇ? ಮಿಲ್ಲಿನ ಕಾರ್ಮಿಕರಿಗೆ ಇದರ ಹೆಸರು ಚೆನ್ನಾಗಿ ಗೊತ್ತು: ಬದಲಿ ಕೂಲಿ. ನಾಲ್ಕು ವರ್ಷದಲ್ಲಿ ಒಬ್ಬ ಜಾಬರ್ ತಯಾರಾದದ್ದನ್ನು ಯಾರು ಕಂಡಿದ್ದಾರೆ? ಮಗ್ಗಕ್ಕೆ ಸಾಲದ ಅವಧಿ ಶತ್ರುವಿನ ಬೆನ್ನ ಹಿಂದೆ ಇಳಿಯುವವನಿಗೆ ಸಾಕೇ? ತರಬೇತಿ, ಪ್ರೊಬೇಷನ್ ಮುಗಿಸಿ ಕಸುಬು ಕೈಗೆ ಹತ್ತುವ ಹೊತ್ತಿಗೆ ಮನೆಯ ದಾರಿ ಹಿಡಿಯಬೇಕೋ ಏನೋ ಎಂಬ ಚಿಂತೆ ಅವನನ್ನು ಕಾಡುತ್ತದೆ.

ಸೇನೆಗೆ ಎಳೆಯ ರಕ್ತ ಬೇಕೆಂದು ದೆಹಲಿಯ ಪ್ರಭುಗಳು ಹೇಳುತ್ತಾರೆ. ಬೇಕು, ಯಾರು ಬೇಡವೆಂದರು? ಆದರೆ ಈ ಕೆಲಸಕ್ಕೆ ವಯಸ್ಸಿನಷ್ಟೇ ಅನುಭವವೂ ಬೇಕು. ನಿಜವಾದ ಕಾರಣ ಪಿಂಚಣಿಯ ಖರ್ಚು. ಲೋಕಸಭೆಯಲ್ಲಿ ಎಷ್ಟು ಅಲ್ಪಕಾಲ ಕುಳಿತವನಿಗೂ ಜೀವಮಾನದ ಪಿಂಚಣಿ ಕೊಡಲು ಬೊಕ್ಕಸದಲ್ಲಿ ಹಣವುಂಟು, ಸಿಪಾಯಿಗೆ ಮಾತ್ರ ಬರಗಾಲ.

ನಾಲ್ಕು ವರ್ಷದ ಕರಾರು ರದ್ದಾಗಲಿ. ಪ್ರೊಬೇಷನ್ ಗೆದ್ದ ಪ್ರತಿ ಸಿಪಾಯಿಯೂ ಅಂದಿನಿಂದಲೇ ಖಾಯಂ ಆಗಲಿ. ಕರಾರಿನ ಮೇಲಿದ್ದು ಮಡಿದವರ ಮನೆಗೂ ಕುಟುಂಬ ಪಿಂಚಣಿ ಸಲ್ಲಲಿ. ಅಕಾಡೆಮಿಗಳ ಫೀಜಿನ ಲೆಕ್ಕವನ್ನು ಜಿಲ್ಲಾಡಳಿತ ತಪಾಸಣೆ ಮಾಡಲಿ. ಈ ನಾಲ್ಕು ಬೇಡಿಕೆಗಳ ಮನವಿಗೆ ಬರುವ ಭಾನುವಾರ ಪಾಳಿ ಬಿಡುವ ಹೊತ್ತಿಗೆ ಮಿಲ್ಲಿನ ಗೇಟಿನಲ್ಲಿಯೂ ಸಂತೆ ಮೈದಾನದಲ್ಲಿಯೂ ನಾವು ಸಹಿ ಪಡೆಯಲಿದ್ದೇವೆ. ಭರ್ತಿಗೆ ಓಡುತ್ತಿರುವ ಹುಡುಗರನ್ನೂ ಜತೆಗೆ ಕರೆತನ್ನಿ.